ಉಬ್ಬುಗೆರೆಯೋ, ಗೀರೋ?

ಒಂದು ರೂಪಾಯಿ ನಾಣ್ಯದ ಸಿಂಹಲಾಂಛನದ ಮೇಲೆ ಅಡ್ಡಗೆರೆ ಕಂಡರೆ ಉಗುರಾಡಿಸಿ ನೋಡಿ. ಉಬ್ಬಿದ್ದರೆ ಅದು ಟಂಕಸಾಲೆಯಲ್ಲೇ ಹುಟ್ಟಿದ್ದು. ತಗ್ಗಿದ್ದರೆ ಬಹುಪಾಲು ಹೊರಗೆ ಬಿದ್ದ ಪೆಟ್ಟು.

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಒತ್ತುತ್ತಾರೆ. ಒತ್ತಿ ಒತ್ತಿ ದಣಿದ ಅಚ್ಚು ಬಿರುಕು ಬಿಟ್ಟಾಗ ಲೋಹ ಆ ಸಂದಿಗೂ ನುಗ್ಗಿ ಕೂದಲೆಳೆಯಂಥ ಉಬ್ಬುಗೆರೆ ಮೂಡುತ್ತದೆ. ಆ ಅಚ್ಚಿನಿಂದ ಮುಂದೆ ಬಂದ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಆ ಗೆರೆ ಇರುತ್ತದೆ. ಮೊಳೆಯಿಂದ ಗೀರಿದರೆ ಲೋಹ ಎರಡೂ ಬದಿಗೆ ಸರಿದು, ಎರೆಹೊಲದ ನೇಗಿಲಸಾಲಿನಂತೆ ದಿಂಡು ಕಟ್ಟುತ್ತದೆ.

ಅಂಚು ಕಚ್ಚಿದಂತಿರುವ ನಾಣ್ಯ ಇನ್ನೂ ಸ್ವಾರಸ್ಯ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೇ ಕತ್ತರಿ ಬಿದ್ದರೆ ಅರೆಚಂದ್ರದಷ್ಟು ಲೋಹ ಕೊರತೆಯಾಗುತ್ತದೆ. ಬಳಿಕ ಬಿಲ್ಲೆಯನ್ನು ಹಿಚುಕಿ ಅಂಚು ಎಬ್ಬಿಸುವಾಗ ಕೊರತೆಯ ಕಡೆ ಆನಿಕೆ ಸಿಗದೆ, ಸರಿಯಾಗಿ ಎದುರಿನ ಅಂಚೂ ಮಂಕಾಗುತ್ತದೆ. ಮನೆಯಲ್ಲಿ ಅರ ಹಿಡಿದು ಉಜ್ಜಿದವರಿಗೆ ಎದುರಿನ ಅಂಚಿನ ನೆನಪೇ ಇರುವುದಿಲ್ಲ. ತಪ್ಪು ಅಚ್ಚಾದ ನಾಣ್ಯಕ್ಕೆ ಲಕ್ಷ ಸಿಗುತ್ತದೆಂಬ ವಿಡಿಯೋ ನಂಬಿ ಇಂಥ ಕೆಲಸಕ್ಕೆ ಇಳಿಯಲೇಬೇಡಿ. ನಾಣ್ಯ ಕರಗಿಸುವುದು, ನಾಶಮಾಡುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ.

ಇಸವಿಯ ಕೆಳಗೆ ಗುರುತಿಲ್ಲದ ನಾಣ್ಯವನ್ನೂ ಕೆಲವರು ತಪ್ಪು ನಾಣ್ಯವೆಂದು ಎತ್ತಿಡುತ್ತಾರೆ. ಅದು ಕೋಲ್ಕತ್ತದ್ದು, ಅಷ್ಟೇ. ವಜ್ರಾಕೃತಿ ಮುಂಬಯಿಯದು, ಚುಕ್ಕೆ ನೋಯ್ಡಾದ್ದು, ನಕ್ಷತ್ರ ಹೈದರಾಬಾದಿನದು. ಕೊಪ್ಪಳದ ಕಡೆಯ ನಮ್ಮ ಅಳವಂಡಿ ಸೀಮೆಗೆ ಹೈದರಾಬಾದಿನ ಟಂಕಸಾಲೆಯ ನಂಟು ಹಳೆಯದು. ನಿಜಾಮನ ಆಳ್ವಿಕೆಯಲ್ಲಿ ಇಲ್ಲಿ ಅಲ್ಲಿನ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ಗಡಿಯಾಚೆ ಮುಂಡರಗಿಯಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ. 1803ರಲ್ಲಿ ಶುರುವಾದ ಹೈದರಾಬಾದಿನ ಟಂಕಸಾಲೆ 1950ರಲ್ಲಿ ಭಾರತ ಸರ್ಕಾರದ ಕೈಸೇರಿ, 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು.

ಅಕ್ಷರವೇ ಮಾಯವಾಗಿದ್ದರೆ ಪತ್ತಾರರ ಸಣ್ಣ ತಕ್ಕಡಿಗೆ ಹಾಕಿ. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ ತೂಗಬೇಕು. ಅಚ್ಚಿನ ಕುಳಿಯಲ್ಲಿ ಗ್ರೀಸ್ ತುಂಬಿ ಅಕ್ಷರ ಮೂಡದಿದ್ದರೆ ತೂಕ ಸರಿಯಾಗೇ ಇರುತ್ತದೆ. ಉಜ್ಜಿ ತೆಗೆದಿದ್ದರೆ ಕಡಿಮೆಯಾಗಿ, ಅಲ್ಲಿ ಅರದ ಗೀರು ಹೊಳೆಯುತ್ತದೆ.

ಆದರೆ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಭಾನಾಪುರ, ಕೊಪ್ಪಳದ ಕಡೆ ಹುಡುಗರು ರೈಲುಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅಲ್ಲಿ ನೋಡಬೇಕಾದ್ದು ಚಿತ್ರವನ್ನು. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಸುತ್ತ ಹಿಡಿದಿಡುವ ಬಳೆ ತಪ್ಪಿ ಅಗಲವಾದ ನಾಣ್ಯದಲ್ಲಿ ಸಿಂಹಗಳು ನೆಟ್ಟಗಿರುತ್ತವೆ. ರೈಲಿನಡಿ ಸಿಕ್ಕ ನಾಣ್ಯದಲ್ಲಿ ಅವೂ ಲೋಹದ ಜೊತೆ ಉದ್ದಕ್ಕೆ ಎಳೆದುಹೋಗಿರುತ್ತವೆ.