ಅಂಗಳದಂಚಿನ ತೀರ್ಪುಗಾರ್ತಿ

ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಒಬ್ಬರೇ ನಿಭಾಯಿಸಲು ಆಗುವುದಿಲ್ಲ. ನೂರು ಗಜ ಉದ್ದದ ಅಂಗಳದಲ್ಲಿ ಇಪ್ಪತ್ತೆರಡು ಆಟಗಾರರು ಒಮ್ಮೆಗೇ ಬೇರೆ ಬೇರೆ ದಿಕ್ಕಿಗೆ ನುಗ್ಗುತ್ತಾರೆ, ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ನಿಂತುಬಿಡುತ್ತದೆ. ಹಾಗಾಗಿ ತೀರ್ಪುಗಾರರದೂ ಒಂದು ತಂಡ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಏಳು ಮಂದಿ, ದೊಡ್ಡ ಕಾಲೇಜುಗಳ ಪಂದ್ಯದಲ್ಲಿ ಎಂಟು, ಹೈಸ್ಕೂಲಿನ ಮುಖ್ಯ ತಂಡಗಳ ಪಂದ್ಯಕ್ಕೆ ಸಾಮಾನ್ಯವಾಗಿ ಐವರು. ಬಿಳಿ ಟೋಪಿ ಧರಿಸಿದವರು ರೆಫ್ರಿ, ಅಂದರೆ ಈ ತಂಡದ ಮುಖ್ಯಸ್ಥರು. ಉಳಿದವರದು ಕಪ್ಪು ಟೋಪಿ. ಈ ಕೆಲಸಕ್ಕೆ ಬೇಕಾದದ್ದು ನಿಯಮಗಳ ಮೇಲಿನ ಹಿಡಿತ, ಎಲ್ಲಿ ನಿಲ್ಲಬೇಕೆಂಬ ಅರಿವು, ಓಡಬಲ್ಲ ಕಾಲು ಮತ್ತು ಚದುರದ ನೋಟ. ಆಡಿ ಬಂದ ಅನುಭವವಿದ್ದರೆ ಅನುಕೂಲ; ಅದಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ.

ಅಮೆರಿಕದಲ್ಲಿ ಹೊಸಬರು ಮೊದಲು ಹೋಗಬೇಕಾದದ್ದು ತಮ್ಮ ಊರಿನ ತೀರ್ಪುಗಾರರ ಸಂಘಕ್ಕೆ. ಅಲ್ಲಿ ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ನಿಯಮಗಳ ತರಗತಿಗೆ ಕೂತು, ರಾಜ್ಯದ ಹೈಸ್ಕೂಲು ಕ್ರೀಡಾ ಸಂಸ್ಥೆಯ ಪರೀಕ್ಷೆ ಬರೆಯಬೇಕು. ಮಿಸಿಸಿಪಿಯ ಪಾಸ್ಕಗೂಲದಲ್ಲಿ ಹುಟ್ಟಿದ ಸಾರಾ ಥಾಮಸ್ 1996ರಲ್ಲಿ ಅಣ್ಣನ ಜೊತೆ ಇಂಥದೇ ಒಂದು ಸಭೆಗೆ ಹೋದರು. ಆಕೆ ಕಾಲೇಜಿನಲ್ಲಿ ಆಡಿದ್ದು ಬ್ಯಾಸ್ಕೆಟ್‌ಬಾಲ್. ಎನ್‌ಎಫ್‌ಎಲ್‌ನ ಮೊದಲ ಪೂರ್ಣಾವಧಿ ಮಹಿಳಾ ತೀರ್ಪುಗಾರ್ತಿಯ ಹಾದಿ ಆರಂಭವಾದದ್ದು ಆ ಸಭೆಯಿಂದ.

ಸಲಕರಣೆ ಹೆಚ್ಚೇನಿಲ್ಲ: ಪಟ್ಟೆ ಅಂಗಿ, ಸೀಟಿ, ತಪ್ಪು ಕಂಡಾಗ ಎಸೆಯಲು ಹಳದಿ ಬಾವುಟ, ಚೆಂಡು ಕೈತಪ್ಪಿದ ಜಾಗ ಗುರುತಿಸಲು ಕಾಳು ತುಂಬಿದ ಪುಟ್ಟ ಚೀಲ, ಎಷ್ಟನೇ ಡೌನ್, ಅಂದರೆ ಹತ್ತು ಗಜ ಮುಂದೆ ಸಾಗಲು ಎಷ್ಟನೇ ಯತ್ನ, ಎಂದು ನೆನಪಿಡಲು ಬೆರಳಿಗೆ ಸಿಕ್ಕಿಸಿಕೊಳ್ಳುವ ಎಲಾಸ್ಟಿಕ್ ಪಟ್ಟಿ. ಈ ಬಾವುಟದ ಚರಿತ್ರೆಯಲ್ಲಿ ಒಬ್ಬ ಹೆಣ್ಣುಮಗಳ ಕೈಯಿದೆ ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1941ರಲ್ಲಿ ಓಹಾಯೋದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ, ತಪ್ಪು ನಡೆದದ್ದು ಎಲ್ಲರಿಗೂ ಕಣ್ಣಿಗೆ ಕಾಣಲಿ ಎಂದು ಬಾವುಟದ ಉಪಾಯ ಹೂಡಿದರು. ಕೆಂಪು ಬಟ್ಟೆಗೆ ಬಿಳಿ ಪಟ್ಟೆ ಕೂಡಿಸಿ, ಭಾರಕ್ಕೆ ಸೀಸದ ಗುಂಡು ಕಟ್ಟಿ ಅದನ್ನು ಹೊಲಿದುಕೊಟ್ಟವರು ಪತ್ನಿ ಇರ್ಮಾ ಬೀಡಿ. ಹಳದಿ ಬಣ್ಣ ಬಂದದ್ದು ಆಮೇಲೆ.

ಕಲಿಯುವವರಿಗೆ ಮೊದಲು ಸಿಗುವ ಜಾಗ ಹೆಚ್ಚಾಗಿ ಅಂಗಳದ ಅಂಚಿನದು. ಚೆಂಡು ಇಟ್ಟಲ್ಲಿಂದ ಅಡ್ಡಲಾಗಿ ಹಾಯುವ ಕಾಲ್ಪನಿಕ ಸ್ಕ್ರಿಮೇಜ್ ಗೆರೆ ಅಂಚನ್ನು ಮುಟ್ಟುವಲ್ಲಿ ಇಬ್ಬದಿಗೂ ಒಬ್ಬೊಬ್ಬರು ನಿಲ್ಲುತ್ತಾರೆ. ಒಬ್ಬರು ಲೈನ್ ಜಡ್ಜ್. ಇನ್ನೊಬ್ಬರು, ಹತ್ತು ಗಜದ ಸರಪಳಿ ಹಿಡಿಯುವವರನ್ನೂ ನೋಡಿಕೊಳ್ಳುವ ಹೆಡ್ ಲೈನ್ಸ್‌ಮನ್. ಈ ಎರಡನೆಯ ಹುದ್ದೆಗೆ ಎನ್‌ಎಫ್‌ಎಲ್ 2017ರಿಂದ ಡೌನ್ ಜಡ್ಜ್ ಎಂಬ ಹೆಸರಿಟ್ಟಿದೆ. ಚೆಂಡು ಕದಲುವ ಮೊದಲೇ ಇವರ ಕೆಲಸ ಶುರು. ಪಾಸ್ ಹಿಡಿಯಲು ಅರ್ಹರಾದವರು ಯಾರು, ಗೆರೆ ದಾಟಿ ನಿಂತವರಿದ್ದಾರೆಯೇ, ಹೊತ್ತಿಗೆ ಮುಂಚೆ ಯಾರಾದರೂ ಅಲುಗಿದರೇ ಎಂಬುದನ್ನೆಲ್ಲ ಒಂದೇ ನೋಟದಲ್ಲಿ ಅಳೆಯಬೇಕು. ಆಟ ಆರಂಭವಾದ ಮೇಲೆ ಕಣ್ಣು ಚೆಂಡಿನ ಹಿಂದೆ ಓಡಬಾರದು. ಅಭಿಮಾನಿಯ ಕಣ್ಣಿಗೂ ತೀರ್ಪುಗಾರರ ಕಣ್ಣಿಗೂ ಇರುವ ವ್ಯತ್ಯಾಸ ಇದೇ. ತಮಗೆ ವಹಿಸಿದ ಆಟಗಾರರು ಯಾರನ್ನು ಎಳೆದರು, ಯಾರ ಬೆನ್ನಿಗೆ ಹೊಡೆದರು ಎಂದು ನೋಡಬೇಕು. ತಮ್ಮ ಪಾಲಿನ ಕ್ಷೇತ್ರಕ್ಕೆ ಚೆಂಡು ಬಂದಾಗಷ್ಟೇ ಅದರ ಕಡೆ ತಿರುಗಬೇಕು. ಚೆಂಡು ಹೊತ್ತವನನ್ನು ಎದುರಾಳಿಗಳು ಹಿಂದಕ್ಕೆ ತಳ್ಳಿದರೂ ಅವನು ಮುಟ್ಟಿದ ಅತಿ ಮುಂದಿನ ಜಾಗವೇ ಲೆಕ್ಕಕ್ಕೆ. ಆ ಜಾಗಕ್ಕೆ ನೇರವಾಗಿ ಅಂಚಿನಲ್ಲಿ ಓಡಿ, ಅಲ್ಲಿಂದ ಒಳಗೆ ತಿರುಗಿ, ಪಾದವೂರಿ ಗುರುತು ಕೊಡಬೇಕು. ಅವಸರದ ಸೀಟಿಯಂತೂ ಹೊಸಬರನ್ನು ಕಾಡುವ ದೊಡ್ಡ ತಪ್ಪು: ಬಿದ್ದವನ ಕೈಯಲ್ಲಿ ಚೆಂಡಿಲ್ಲದಿದ್ದರೂ ಸೀಟಿ ಮೊಳಗಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಚೆಂಡನ್ನು ಕಣ್ಣಾರೆ ಕಂಡ ಮೇಲೆಯೇ ಊದಬೇಕೆಂದು ಹಿರಿಯರು ಮತ್ತೆ ಮತ್ತೆ ಹೇಳಿಕೊಡುವುದು ಅದಕ್ಕೇ.

ಆಟದ ವಾರಕ್ಕೊಂದು ಕ್ರಮವಿದೆ. ಹೈಸ್ಕೂಲಿನ ಮುಖ್ಯ ಪಂದ್ಯ ಶುಕ್ರವಾರ ರಾತ್ರಿ, ಕಾಲೇಜಿನದು ಶನಿವಾರ, ಎನ್‌ಎಫ್‌ಎಲ್‌ನದು ಹೆಚ್ಚಾಗಿ ಭಾನುವಾರ. ಹೊಸಬರ ಪಾಲಿಗೆ ಬರುವುದು ಚಿಕ್ಕ ಮಕ್ಕಳ ಪಂದ್ಯಗಳು, ಹೈಸ್ಕೂಲಿನ ಕಿರಿಯ ತಂಡಗಳ ವಾರದ ನಡುವಿನ ಪಂದ್ಯಗಳು. ಅಲ್ಲಿ ತೀರ್ಪುಗಾರರು ಕಡಿಮೆ, ಆದ್ದರಿಂದ ಕಲಿಕೆ ಜಾಸ್ತಿ. ಸಂಭಾವನೆ ಪಂದ್ಯದ ಲೆಕ್ಕದಲ್ಲಿ. ಜೀವನ ನಡೆಸಲು ಬೇರೆ ಉದ್ಯೋಗ ಇರಲೇಬೇಕು. ಹೆಣ್ಣುಮಕ್ಕಳಿಗೆ ಇದರ ಮೇಲೆ ಇನ್ನಷ್ಟು ತೊಡಕುಗಳಿವೆ. ತೀರ್ಪುಗಾರರಿಗೆಂದು ಇರುವ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಲು ಆಗದೆ ಬೇರೆ ಜಾಗ ಹುಡುಕಬೇಕಾಗುತ್ತದೆ. ಅಂಚಿನಲ್ಲಿ ನಿಂತವರಿಗೆ ಕೋಚ್‌ಗಳ ಸಿಟ್ಟು ಕಿವಿಯ ಪಕ್ಕದಲ್ಲೇ ಕೇಳುತ್ತದೆ; ನಿಂತಿರುವುದು ಹೆಣ್ಣಾದರೆ ಅನುಮಾನವೂ ಜೊತೆಗಿರುತ್ತದೆ. ಅದನ್ನೆಲ್ಲ ಸಾಬೀತಿನ ಹೊರೆಯಾಗಿ ಆಕೆಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಬಟ್ಟೆ ಬದಲಿಸುವ ಕೋಣೆ ಒದಗಿಸುವುದು, ಅಂಚಿನ ಬೈಗುಳಕ್ಕೆ ಕಡಿವಾಣ ಹಾಕುವುದು ಶಾಲೆ ಮತ್ತು ಸಂಘಗಳ ಕೆಲಸ.

ಮೇಲೇರುವ ಮೆಟ್ಟಿಲುಗಳ ನಡುವೆ ವರ್ಷಗಳ ಅಂತರವಿದೆ. ಪಂದ್ಯದ ವಿಡಿಯೊ ನೋಡಿ ಮೌಲ್ಯಮಾಪಕರು ಅಂಕ ಕೊಡುತ್ತಾರೆ, ಶಿಬಿರಗಳಲ್ಲಿ ಕಾಲೇಜು ಮಟ್ಟದವರು ಪ್ರತಿಭೆ ಹುಡುಕುತ್ತಾರೆ. ಥಾಮಸ್ ದೊಡ್ಡ ಕಾಲೇಜು ಪಂದ್ಯಕ್ಕೆ ಇಳಿದದ್ದು 2007ರಲ್ಲಿ, ಎನ್‌ಎಫ್‌ಎಲ್‌ಗೆ ಸೇರಿದ್ದು 2015ರಲ್ಲಿ. 2021ರ ಫೆಬ್ರವರಿಯಲ್ಲಿ ಟ್ಯಾಂಪಾದಲ್ಲಿ ನಡೆದ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ಗೆ ಆಕೆಯೇ ಡೌನ್ ಜಡ್ಜ್. ಅದಕ್ಕೂ ಮೊದಲು, 2012ರಲ್ಲಿ ಕಾಯಂ ತೀರ್ಪುಗಾರರ ಬದಲಿಗೆ ಬಂದವರಲ್ಲಿ ಒಬ್ಬರಾಗಿ ಶಾನನ್ ಈಸ್ಟಿನ್ ಲೀಗ್‌ನ ಪಂದ್ಯ ನಡೆಸಿದ್ದರು. ವರ್ಜೀನಿಯಾದಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದ ಮಾಯಾ ಚಾಕಾ 2021ರಲ್ಲಿ ಲೀಗ್‌ನ ಮೊದಲ ಕಪ್ಪುವರ್ಣದ ಮಹಿಳಾ ತೀರ್ಪುಗಾರ್ತಿಯಾದರು.

ಈಗ ಇನ್ನೊಂದು ದಾರಿಯೂ ಅಗಲವಾಗುತ್ತಿದೆ. ಎದುರಾಳಿಯನ್ನು ಕೆಡವುವ ಬದಲು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್, ತಂಡಕ್ಕೆ ಐವರಂತೆ, ಪುರುಷರ ಮತ್ತು ಮಹಿಳೆಯರ ಎರಡೂ ವಿಭಾಗಗಳಲ್ಲಿ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದೆ. ಅಮೆರಿಕದ ಹಲವು ರಾಜ್ಯಗಳು ಇದನ್ನು ಹುಡುಗಿಯರ ಹೈಸ್ಕೂಲು ಕ್ರೀಡೆಯಾಗಿ ಅಂಗೀಕರಿಸಿವೆ. ಆ ಪಂದ್ಯಗಳಿಗೂ ತೀರ್ಪುಗಾರರು ಬೇಕು. ನಿಯಮಪುಸ್ತಕ ಬೇರೆಯಾದರೂ ನೋಂದಣಿ, ತರಗತಿ ಮತ್ತು ಪರೀಕ್ಷೆಯ ಹಾದಿ ಬಹುಮಟ್ಟಿಗೆ ಅದೇ.