ತಾಯಿಯಿಲ್ಲದ ಕಾವು

ಮರಿ ಮಾಡುವುದು ಹೇಂಟೆಯ ಕೆಲಸ. ಅದರಲ್ಲಿ ಮನುಷ್ಯನಿಗೇನು ಪಾತ್ರ ಎಂದು ಕೇಳುವವರು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಇಂದಿಗೂ ಉಂಟು. ಅವರ ಮಾತು ತಪ್ಪೆನ್ನುವಂತಿಲ್ಲ. ಮಂಕರಿಯಲ್ಲಿ ಹುಲ್ಲು ಹಾಸಿ ಹತ್ತು ಹನ್ನೆರಡು ತತ್ತಿಗಳನ್ನು ನಾಟಿ ಹೇಂಟೆಗೆ ಒಪ್ಪಿಸಿದರೆ, ಇಪ್ಪತ್ತೊಂದನೆಯ ದಿನ ಅದು ಮರಿಗಳನ್ನು ಕೂಡಿಕೊಂಡು ಹೊರಗೆ ಬರುತ್ತದೆ. ಆದರೆ ಈ ಸೇವೆಗೂ ಬೆಲೆಯುಂಟು. ಕಾವಿಗೆ ಕುಳಿತ ಮೂರು ವಾರವೂ, ಮರಿಗಳನ್ನು ಮೇಯಿಸುವ ಮುಂದಿನ ಹಲವು ವಾರಗಳೂ ಹೇಂಟೆ ತತ್ತಿಯಿಡುವುದಿಲ್ಲ. ತತ್ತಿ ಮಾರಿ ಸಂತೆಯ ಖರ್ಚು ತೂಗಿಸುವ ಗೃಹಿಣಿಗೆ ಇದು ಸಣ್ಣ ನಷ್ಟವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ೧೯೮೯ರಲ್ಲಿ ಹೊರತಂದ ಗಿರಿರಾಜ ತಳಿಯ ತತ್ತಿಗಾದರೋ ನಾಟಿ ಹೇಂಟೆಯ ಕಾವನ್ನು ಎರವಲು ಪಡೆಯಬೇಕು, ಇಲ್ಲವೆ ಯಂತ್ರದ ಕಾವನ್ನು ನಂಬಬೇಕು. ಹೀಗೆ ಐವತ್ತು ತತ್ತಿ ಹಿಡಿಯುವ ವಿದ್ಯುತ್ ಕಾವುಪೆಟ್ಟಿಗೆಯೊಂದು, ಇನ್‌ಕ್ಯುಬೇಟರ್ ಎಂಬ ಹೆಸರಿನೊಡನೆ, ಮನೆಯೊಳಕ್ಕೆ ಬರುತ್ತದೆ.

(ಈ ಎರಡು ತಾಲ್ಲೂಕುಗಳ ಮ್ಯಾಸಬೇಡರಲ್ಲಿ ಕೋಳಿಯನ್ನು ಸಾಕದಿರುವುದೂ ತಿನ್ನದಿರುವುದೂ ಹಿಂದಿನಿಂದ ಬಂದ ಕಟ್ಟಳೆ. ಆದ್ದರಿಂದ ಇಲ್ಲಿ ಹೇಳುವ ಮಾತು ಎಲ್ಲ ಹಟ್ಟಿಗಳಿಗೂ ಸಲ್ಲತಕ್ಕದ್ದಲ್ಲ.)

ತಾಯಿಯಿಲ್ಲದೆ ಕಾವು ಕೊಡುವ ವಿದ್ಯೆ ಹೊಸದೇನೂ ಅಲ್ಲ. ಈಜಿಪ್ಟಿನಲ್ಲಿ ಮಣ್ಣಿಟ್ಟಿಗೆಯ ಗೂಡುಗಳನ್ನು ಕಟ್ಟಿ, ಒಮ್ಮೆಗೇ ಸಾವಿರಾರು ತತ್ತಿಗಳನ್ನು ಮರಿ ಮಾಡಿಸುತ್ತಿದ್ದರು. ಗೂಡಿನ ಕೆಲಸಗಾರನಿಗೆ ಉಷ್ಣಮಾಪಕವಿರಲಿಲ್ಲ. ತತ್ತಿಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಶಾಖವನ್ನು ತಿಳಿಯುತ್ತಿದ್ದ. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಈ ಕಲೆಯನ್ನು ಕುರಿತು ೧೭೪೯ರಲ್ಲಿ ಒಂದು ಗ್ರಂಥವನ್ನೇ ಬರೆದನು. ಇಂದಿನ ಪೆಟ್ಟಿಗೆ ರೆಪ್ಪೆಯ ಕೆಲಸವನ್ನು ತಾನೇ ಮಾಡುತ್ತದೆ. ಬೀಸಣಿಗೆಯುಳ್ಳ ಪೆಟ್ಟಿಗೆಯಲ್ಲಿ ಸುಮಾರು ೩೭.೫ ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಅದು ಇಳಿದರೆ ತಂತಿ ಕಾಯುತ್ತದೆ, ಏರಿದರೆ ಆರುತ್ತದೆ.

ಮೊದಲ ಬಾರಿಗೆ ತತ್ತಿಯಿಟ್ಟವರು ಹಗಲೂ ರಾತ್ರಿಯೂ ಈ ಶಾಖದ ಅಂಕಿಯನ್ನೇ ದಿಟ್ಟಿಸುತ್ತಾರೆ. ಆದರೆ ನಮ್ಮ ಬಯಲುಸೀಮೆಯಲ್ಲಿ ಮರಿಯ ಪ್ರಾಣ ಹೋಗುವುದು ಹೆಚ್ಚಾಗಿ ಬೇರೊಂದು ಕಾರಣದಿಂದ. ತತ್ತಿಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಒಳಗಿನ ನೀರು ದಿನದಿನವೂ ಆವಿಯಾಗುತ್ತದೆ. ಐವತ್ತು ಗ್ರಾಂ ತೂಕದ ತತ್ತಿ ಹದಿನೆಂಟನೆಯ ದಿನಕ್ಕೆ ಸುಮಾರು ಆರು ಗ್ರಾಂ ಇಳಿದಿದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ಒಳಪೊರೆ ಒಣಗಿ, ತೊಗಲಿನಂತಾಗಿ, ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಕೊಕ್ಕಿನಿಂದ ಚಿಪ್ಪಿಗೆ ತೂತು ಕೊರೆದ ಮರಿ ತಿರುಗಲಾರದೆ ಅಲ್ಲಿಯೇ ಸೋತುಹೋಗುತ್ತದೆ. ಮೂರು ವಾರ ಕಾದವರ ಕಣ್ಣೆದುರಿಗೇ ನಡೆಯುವ ಈ ಸಾವು ಬಲು ಕ್ರೂರ.

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ಚಳ್ಳಕೆರೆಯಲ್ಲಿ ಬೇಸಗೆಯ ಗಾಳಿ ಒಗೆದ ಬಟ್ಟೆಯನ್ನು ಗಳಿಗೆಯಲ್ಲಿ ಒಣಗಿಸುತ್ತದೆ. ಅದೇ ಗಾಳಿ ಪೆಟ್ಟಿಗೆಯೊಳಗೂ ಸುಳಿಯುತ್ತದೆ. ಮೊದಲ ಹದಿನೆಂಟು ದಿನ ನೂರಕ್ಕೆ ಐವತ್ತರಿಂದ ಐವತ್ತೈದು, ಕೊನೆಯ ಮೂರು ದಿನ ಅರವತ್ತೈದರ ಮೇಲೆ ತೇವಾಂಶವಿರಬೇಕು. ಪೆಟ್ಟಿಗೆಯ ಜೊತೆಗೆ ಬಂದ ಪುಟ್ಟ ನೀರಿನ ತಟ್ಟೆ ಇಲ್ಲಿ ಸಾಲದು. ಅಗಲವಾದ ತಟ್ಟೆಯಿಟ್ಟು, ನೀರಿನಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ನಿಲ್ಲಿಸಬೇಕು. ತೇವಮಾಪಕವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಸೀರೆಗೆ ಹೆಸರಾದ ಮೊಳಕಾಲ್ಮೂರಿನ ಸೀಮೆಯಲ್ಲಿ ರೇಷ್ಮೆಹುಳು ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೇಷ್ಮೆಮೊಟ್ಟೆ ಒಡೆಯಲು ೨೫ ಡಿಗ್ರಿ ಶಾಖದೊಡನೆ ನೂರಕ್ಕೆ ಎಂಬತ್ತರಷ್ಟು ತೇವ ಬೇಕೆಂಬುದನ್ನೂ, ಸಾಕಣೆಯ ಕೋಣೆಗೆ ಒದ್ದೆ ಗೋಣಿತಾಟು ಕಟ್ಟುವುದನ್ನೂ ಅವರು ಬಲ್ಲರು. ಕಾವುಪೆಟ್ಟಿಗೆಯ ಕೋಣೆಗೂ ಅದೇ ಗೋಣಿತಾಟು ಸಲ್ಲುತ್ತದೆ.

ಬೇಸಗೆಗೆ ಇನ್ನೂ ಒಂದು ದೋಷವುಂಟು. ಸಣ್ಣ ಪೆಟ್ಟಿಗೆ ಕಾಯಿಸಬಲ್ಲುದೇ ಹೊರತು ತಂಪುಮಾಡಲಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕೋಣೆಯೇ ೩೮ ಡಿಗ್ರಿ ದಾಟಿದರೆ ಯಂತ್ರ ಏನು ಮಾಡೀತು? ಕಾವಿಗೆ ಇಡುವ ಮೊದಲೇ ತತ್ತಿ ಕೆಡುವುದೂ ಆಗಲೇ. ಬಿಸಿ ಮೂಲೆಯಲ್ಲಿ ಕೂಡಿಟ್ಟ ತತ್ತಿಯೊಳಗೆ ಪಿಂಡ ಅರೆಬರೆ ಬೆಳೆದು ಸತ್ತಿರುತ್ತದೆ. ತಂಪಾದ ಜಾಗದಲ್ಲಿ, ಚೂಪು ತುದಿ ಕೆಳಗಾಗಿ, ಏಳು ದಿನಗಳಿಗೆ ಮೀರದಂತೆ ಇಟ್ಟ ತತ್ತಿಯೇ ಲೇಸು. ಮೊದಲ ಪ್ರಯೋಗವನ್ನು ಮಳೆಗಾಲಕ್ಕೋ ಚಳಿಗಾಲಕ್ಕೋ ಇರಿಸಿಕೊಳ್ಳುವುದು ಜಾಣತನ.

ವಿದ್ಯುತ್ತು ಹೋದಾಗ ಗಾಬರಿ ಬೇಡ. ಒಂದೆರಡು ಗಂಟೆಯ ತಂಪು ಮರಿಯನ್ನು ತಡಮಾಡಿಸುತ್ತದೆಯೇ ವಿನಾ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅತಿಯಾದ ಶಾಖ ಬೇಗ ಕೊಲ್ಲುತ್ತದೆ. ಚಳ್ಳಕೆರೆ ಸೀಮೆಯಲ್ಲಿ ಕಂಬಳಿಗೆ ಬರವಿಲ್ಲವಷ್ಟೆ. ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಬಿಟ್ಟು ಅದನ್ನು ಹೊದಿಸಿದರಾಯಿತು.

ಹೇಂಟೆ ಕೊಕ್ಕಿನಿಂದ ಮಾಡುವ ಕೆಲಸವನ್ನು ಕೈ ಮಾಡಬೇಕು. ತಾನಾಗಿ ತಿರುಗಿಸುವ ಯಂತ್ರವಲ್ಲದಿದ್ದರೆ ದಿನಕ್ಕೆ ಮೂರು ಇಲ್ಲವೆ ಐದು ಸಲ ತತ್ತಿಗಳನ್ನು ಹೊರಳಿಸಬೇಕು. ಬೆಸಸಂಖ್ಯೆಯಾದರೆ ದೀರ್ಘವಾದ ರಾತ್ರಿಯಲ್ಲಿ ಒಂದೇ ಮಗ್ಗುಲು ಮೇಲಾಗುವುದಿಲ್ಲ. ಏಳನೆಯ ದಿನ ಕತ್ತಲಲ್ಲಿ ದೀಪಕ್ಕೆ ಹಿಡಿದರೆ ಜೇಡನ ಕಾಲಿನಂತೆ ಹರಡಿದ ರಕ್ತನಾಳಗಳು ಕಾಣುತ್ತವೆ. ಏನೂ ಕಾಣದ ತತ್ತಿಯನ್ನು ತೆಗೆದುಬಿಡಬೇಕು. ಹದಿನೆಂಟನೆಯ ದಿನಕ್ಕೆ ಹೊರಳಿಸುವುದು ನಿಲ್ಲುತ್ತದೆ.

ಬಳಿಕ ಮುಚ್ಚಳ ತೆರೆಯುವ ಚಪಲವನ್ನು ಮನೆಯವರೆಲ್ಲರೂ ಹತ್ತಿಕ್ಕಬೇಕು. ಚಿಪ್ಪಿಗೆ ತೂತು ಬಿದ್ದ ಮೇಲೆ ಮರಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ವಿಶ್ರಮಿಸುವುದುಂಟು. ಚಿಯೆಂಬ ಸದ್ದಿಗೆ ಕರಗಿ ಮುಚ್ಚಳ ತೆರೆದರೆ ತೇವವೆಲ್ಲ ಹಾರಿಹೋಗಿ ಉಳಿದ ಮರಿಗಳಿಗೆ ಕುತ್ತು. ಹುಟ್ಟಿದ ಮರಿಗೆ ಹಸಿವಿನ ಅವಸರವಿಲ್ಲ. ಹೊಟ್ಟೆಯೊಳಕ್ಕೆ ಎಳೆದುಕೊಂಡ ಹಳದಿ ಎರಡು ದಿನಕ್ಕೆ ಸಾಕು. ಮೈ ಆರಿದ ಮೇಲೆ ಸುಮಾರು ೩೫ ಡಿಗ್ರಿ ಶಾಖದ ದೀಪದಡಿಗೆ ಸೇರಿಸಬೇಕು. ಮೊದಲ ವಾರದಲ್ಲೇ ರಾಣಿಖೇತ್ ರೋಗದ ಲಸಿಕೆಯನ್ನು ಪಶುವೈದ್ಯರಲ್ಲಿ ವಿಚಾರಿಸಿ ಹಾಕಿಸಬೇಕು.

ಒಡೆಯದೆ ಉಳಿದ ತತ್ತಿಗಳನ್ನು ಹಾಗೆಯೇ ತಿಪ್ಪೆಗೆ ಎಸೆಯಬಾರದು. ಒಂದೊಂದನ್ನೂ ಒಡೆದು ನೋಡಬೇಕು. ರಕ್ತದ ಗುರುತೇ ಇಲ್ಲದಿದ್ದರೆ ಅದು ಗೊಡ್ಡು. ಹತ್ತು ಹೇಂಟೆಗೆ ಒಂದಾದರೂ ಹುಂಜವಿದೆಯೇ ಎಂದು ಎಣಿಸಿಕೊಳ್ಳಬೇಕು. ರಕ್ತದ ಬಳೆ ಕಂಡರೆ ಪಿಂಡ ಎಳೆಯದರಲ್ಲೇ ಸತ್ತಿದೆ. ತತ್ತಿ ಕೂಡಿಟ್ಟ ಜಾಗವನ್ನೂ ಮೊದಲ ದಿನಗಳ ಶಾಖವನ್ನೂ ಪರೀಕ್ಷಿಸಬೇಕು. ಪೂರ್ಣ ಬೆಳೆದ ಮರಿ ಒಣಪೊರೆಗೆ ಅಂಟಿ ಸತ್ತಿದ್ದರೆ, ಮುಂದಿನ ಸಲ ತತ್ತಿಯಿಡುವ ಮುನ್ನ ನೀರಿನ ತಟ್ಟೆಯನ್ನು ದೊಡ್ಡದು ಮಾಡಬೇಕು.