ಮೀನಿನ ತೊಟ್ಟಿಗೆ ಗಿಡವೇ ಯಜಮಾನ

ಹೈಸ್ಕೂಲಿನಲ್ಲಿ ಮಾಡಿದ ವಿಜ್ಞಾನದ ಪ್ರಯೋಗಗಳಲ್ಲಿ ಹೆಚ್ಚಿನವು ಮರೆತುಹೋಗುತ್ತವೆ. ಒಂದು ಮಾತ್ರ ಬಹುಮಂದಿಯ ನೆನಪಿನಲ್ಲಿ ಉಳಿದಿರುತ್ತದೆ. ನೀರು ತುಂಬಿದ ಬೀಕರಿನಲ್ಲಿ ಹೈಡ್ರಿಲ್ಲ ಗಿಡದ ಕಡ್ಡಿಗಳು, ಅವುಗಳ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ, ಆಲಿಕೆಯ ಮೇಲೆ ಕವುಚಿದ ಪ್ರನಾಳ. ಬೀಕರನ್ನು ಬಿಸಿಲಿಗಿಟ್ಟರೆ ಕಡ್ಡಿಯ ತುದಿಯಿಂದ ಮುತ್ತು ಪೋಣಿಸಿದಂತೆ ಗುಳ್ಳೆಗಳು ಏಳುತ್ತವೆ. ಪ್ರನಾಳದಲ್ಲಿ ಶೇಖರವಾದ ಅನಿಲದೊಳಕ್ಕೆ ಕೆಂಡವಿರುವ ಕಡ್ಡಿಯನ್ನು ಹಿಡಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದೇ ಆಮ್ಲಜನಕ ಎಂದು ಮೇಷ್ಟ್ರು ಹೇಳುತ್ತಿದ್ದರು. ನಾವು ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಐದು ಅಂಕ ಗಳಿಸುತ್ತಿದ್ದೆವು.

ಆ ಬೀಕರಿನೊಳಕ್ಕೆ ಒಂದೆರಡು ಮೀನು ಬಿಟ್ಟಿದ್ದರೆ ಏನಾಗುತ್ತಿತ್ತು? ಇಂಥದೊಂದು ಪ್ರಶ್ನೆಯಿಂದಲೇ ಅಕ್ವೇರಿಯಂ ಹುಟ್ಟಿತು. ಇಂದು ನಾವು ಮೊದಲು ಮೀನು ಕೊಳ್ಳುತ್ತೇವೆ, ಗಾಳಿ ಊದುವ ಮೋಟಾರು ಕೊಳ್ಳುತ್ತೇವೆ, ಕೊನೆಗೆ ಅಂದಕ್ಕೆಂದು ನಾಲ್ಕು ಪ್ಲಾಸ್ಟಿಕ್ ಗಿಡಗಳನ್ನು ನೆಡುತ್ತೇವೆ. ಚರಿತ್ರೆಯಲ್ಲಿ ಆದದ್ದು ತಿರುಗುಮುರುಗು. ಮೊದಲು ಬಂದದ್ದು ಗಿಡ.

ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ, ಉರಿದು ಕೆಟ್ಟ ಗಾಳಿಯನ್ನು ಪುದೀನದ ಒಂದು ಕಡ್ಡಿ ಮತ್ತೆ ಒಳ್ಳೆಯದು ಮಾಡುವುದನ್ನು ಕಂಡ. ಆದರೆ ಅದು ಕೆಲವೊಮ್ಮೆ ಆಗುತ್ತಿತ್ತು, ಕೆಲವೊಮ್ಮೆ ಆಗುತ್ತಿರಲಿಲ್ಲ. ಕಾರಣವನ್ನು ಹಿಡಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. 1779ರ ಬೇಸಗೆಯಲ್ಲಿ ಅವನು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆಗಳನ್ನು ಲೆಕ್ಕವಿಡುತ್ತ ನೂರಾರು ಪ್ರಯೋಗಗಳನ್ನು ಮಾಡಿದ. ಗಿಡದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿದ್ದಾಗ ಮಾತ್ರ, ಗಾಳಿಯನ್ನು ಶುದ್ಧಗೊಳಿಸುತ್ತವೆ. ಕತ್ತಲಾದೊಡನೆ ಗಿಡವೂ ಪ್ರಾಣಿಯಂತೆಯೇ ಉಸಿರಾಡಿ ಗಾಳಿಯನ್ನು ಕೆಡಿಸುತ್ತದೆ ಎಂದು ಅವನು ತೋರಿಸಿದ. ಈ ಎರಡನೆಯ ಮಾತನ್ನು ಮೀನು ಸಾಕುವವರು ಮರೆಯಬಾರದು. ಅದಕ್ಕೆ ಆಮೇಲೆ ಬರೋಣ.

ಇನ್ನೊಂದು ದಾರಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್‌ನ ಮನೆಯಿಂದ ಹೊರಟಿತು. 1829ರ ಸುಮಾರಿಗೆ ಅವನು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದ್ದ. ಅವನು ಕಾಯುತ್ತಿದ್ದುದು ಪತಂಗಕ್ಕಾಗಿ, ಮೊಳೆತದ್ದು ಜರೀಗಿಡ ಮತ್ತು ಹುಲ್ಲು. ಹೊಗೆ ತುಂಬಿದ ಲಂಡನ್ನಿನ ಗಾಳಿಯಲ್ಲಿ ಸಾಯುತ್ತಿದ್ದ ಜರೀಗಿಡ ಮುಚ್ಚಿದ ಗಾಜಿನೊಳಗೆ ಸೊಂಪಾಗಿ ಬೆಳೆಯಿತು. ಅವನ ಹೆಸರಿನ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಸಾವಿರಾರು ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದವು. 1845ರಲ್ಲಿ ಬ್ರಿಟಿಷ್ ಸರ್ಕಾರ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುಹಾಕಿದ ಮೇಲೆ ಗಾಜು ಮಧ್ಯಮವರ್ಗದ ಕೈಗೂ ಎಟುಕಿತು.

ಈ ಎರಡೂ ದಾರಿಗಳು ಕೂಡಿದ್ದು ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನ ವಿಜ್ಞಾನಿಯಲ್ಲಿ. ಅವನು 12 ಗ್ಯಾಲನ್, ಅಂದರೆ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಕೆಸರು, ಸುಣ್ಣಕಲ್ಲಿನ ಚೂರುಗಳನ್ನು ಹಾಸಿ, ಅರ್ಧದಷ್ಟು ಒರತೆಯ ನೀರು ಹಾಕಿ, ಎರಡು ಚಿಕ್ಕ ಗೋಲ್ಡ್ ಫಿಶ್‌ಗಳನ್ನು ಬಿಟ್ಟ. ಜೊತೆಗೆ ವ್ಯಾಲಿಸ್ನೇರಿಯ ಎಂಬ ಗಿಡ ನೆಟ್ಟ. ಇದು ಪಟ್ಟಿಯಂತಹ ಉದ್ದನೆಯ ಎಲೆಗಳ ಜಲಸಸ್ಯ. ನಮ್ಮ ಕೆರೆ ಕಾಲುವೆಗಳಲ್ಲಿಯೂ ಇದರ ಬಳಗವುಂಟು. ಕೆಲವು ಕಾಲ ಎಲ್ಲವೂ ಸರಿಯಿತ್ತು. ಆಮೇಲೆ ಹಳೆಯ ಎಲೆಗಳು ಕೊಳೆತು ನೀರು ಮಸುಕಾಯಿತು, ಗಾಜಿಗೆ ಪಾಚಿ ಹತ್ತಿತು. ವಾರಿಂಗ್‌ಟನ್ ಕೊಳದಿಂದ ಐದಾರು ಬಸವನಹುಳುಗಳನ್ನು ತಂದುಬಿಟ್ಟ. ಅವು ಕೊಳೆತ ಎಲೆ, ಪಾಚಿಗಳನ್ನು ತಿಂದುಹಾಕಿದವು. ಅವುಗಳ ಮೊಟ್ಟೆ ಮರಿಗಳು ಮೀನಿಗೆ ಆಹಾರವಾದವು. ಎಲ್ಲದರ ಕಸ ಗಿಡಕ್ಕೆ ಗೊಬ್ಬರವಾಯಿತು. ಈ ವರದಿ 1850ರಲ್ಲಿ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ನಂತರ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಫಿಲಿಪ್ ಹೆನ್ರಿ ಗಾಸ್ 1854ರ ತನ್ನ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರನ್ನು ಮನೆಮಾತಾಗಿಸಿದ.

ವಾರಿಂಗ್‌ಟನ್‌ನ ಲೆಕ್ಕ ಸೊಗಸಾಗಿತ್ತು. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರುತ್ತದೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ. ನಿಜ, ಆದರೆ ಅರ್ಧ ನಿಜ. ತೊಟ್ಟಿಯ ಆಮ್ಲಜನಕ ನೀರಿನ ಮೇಲ್ಮೈಯಿಂದಲೂ ಸಾಕಷ್ಟು ಇಳಿಯುತ್ತದೆ. ಹೊಸ ತೊಟ್ಟಿಯ ಮೀನನ್ನು ಎಷ್ಟೋ ಸಲ ಕೊಲ್ಲುವುದು ಉಸಿರಿನ ಕೊರತೆಯಲ್ಲ, ಅದರದೇ ಕಲ್ಮಶ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯ. ನದಿಯಲ್ಲಿ ಅದು ಹರಿದುಹೋಗುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಎಲ್ಲಿಗೆ ಹೋದೀತು? ಮರಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟೇನೂ ವಿಷವಲ್ಲದ ನೈಟ್ರೇಟಾಗಿಯೂ ಬದಲಿಸುತ್ತವೆ. ಆದರೆ ಅವು ನೆಲೆಯೂರಲು ವಾರಗಟ್ಟಲೆ ಬೇಕು. ಗಿಡವಾದರೋ ನೆಟ್ಟು ಬೇರು ಹಿಡಿದು ಬೆಳೆಯತೊಡಗಿದೊಡನೆ ಅಮೋನಿಯವನ್ನು ನೇರವಾಗಿ ಹೀರಿಕೊಳ್ಳುತ್ತದೆ. ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟು, ವಾರದೊಳಗೆ ಎಲ್ಲವೂ ಸತ್ತಾಗ ಅಂಗಡಿಯವನನ್ನು ಬೈಯುವವರು ಗಿಡವನ್ನು ಮೊದಲು ನೆಟ್ಟು, ಅದು ಚಿಗುರುವುದನ್ನು ಕಂಡು, ಆಮೇಲೆ ಒಂದೊಂದಾಗಿ ಮೀನು ಬಿಟ್ಟಿದ್ದರೆ ಬೈಗುಳ ಉಳಿಯುತ್ತಿತ್ತು.

ಗಿಡಕ್ಕೆ ಬೇಕಾದದ್ದೇನು? ಬೆಳಕು ಎಂದು ಎಲ್ಲರೂ ಹೇಳುತ್ತಾರೆ. ಹೀಗಾಗಿ ತೊಟ್ಟಿ ಕಿಟಕಿಯ ಪಕ್ಕಕ್ಕೆ ಬರುತ್ತದೆ. ವಾಸ್ತುವಿನವರು ಈಶಾನ್ಯವನ್ನು ತೋರಿಸಿದರೆ ಬೆಳಗಿನ ಬಿಸಿಲೂ ಸೇರಿ ತಿಂಗಳೊಳಗೆ ನೀರು ಹಸಿರು ಪಾಯಸವಾಗುತ್ತದೆ. ಬೆಳಕು ಹೆಚ್ಚಾಗಿ, ಅದನ್ನು ಬಳಸಿಕೊಳ್ಳುವಷ್ಟು ಇತರ ಆಹಾರ ಗಿಡಕ್ಕೆ ಸಿಗದಿದ್ದರೆ ಲಾಭ ಪಡೆಯುವುದು ಪಾಚಿ. ಬಿಸಿಲು ನೇರ ಬೀಳದ ಜಾಗದಲ್ಲಿಟ್ಟು ಎಲ್‌ಇಡಿ ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆ ಉರಿಸಿದರೆ ಸಾಕು.

ಮುಳುಗಿದ ಗಿಡದ ನಿಜವಾದ ಹಸಿವು ಇಂಗಾಲದ್ದು. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಬಯಲಿನ ಗಿಡಕ್ಕೆ ಗಾಳಿಯೇ ತಂದುಕೊಡುವ ಊಟಕ್ಕಾಗಿ ನೀರೊಳಗಿನ ಗಿಡ ಕಾದು ಕೂರಬೇಕು. ಇದಕ್ಕೆ ವ್ಯಾಲಿಸ್ನೇರಿಯ ಮತ್ತು ಹೈಡ್ರಿಲ್ಲಗಳು ಒಂದು ಉಪಾಯ ಕಂಡುಕೊಂಡಿವೆ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟಿನಿಂದಲೇ ಇಂಗಾಲವನ್ನು ಕಿತ್ತುಕೊಳ್ಳುತ್ತವೆ. ವಾರಿಂಗ್‌ಟನ್ ಸುಣ್ಣಕಲ್ಲು ಹಾಕಿ ವ್ಯಾಲಿಸ್ನೇರಿಯವನ್ನೇ ನೆಟ್ಟದ್ದು ಅದೃಷ್ಟದ ಜೋಡಿ. ಕೋಲಾರದ ಕಡೆಯಲ್ಲಾಗಲಿ ಬೆಂಗಳೂರಿನ ಹೊರವಲಯದಲ್ಲಾಗಲಿ ಗಡಸು ಬೋರ್‌ವೆಲ್ ನೀರನ್ನೇ ನಂಬಿದವರು ಈ ಎರಡರಿಂದ ಆರಂಭಿಸುವುದು ಕ್ಷೇಮ. ಇಂಥ ಕ್ಷಾರ ನೀರಿನಲ್ಲಿ ಅಮೋನಿಯದ ವಿಷವೂ ಏರುವುದರಿಂದ ಅಲ್ಲಿ ಗಿಡದ ಅಗತ್ಯ ಇನ್ನೂ ಹೆಚ್ಚು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಬಳಸಬೇಕು.

ಹೊಸಬರನ್ನು ಕಂಗೆಡಿಸುವ ಸಂಗತಿ ಇನ್ನೊಂದಿದೆ. ನರ್ಸರಿಗಳು ಎಷ್ಟೋ ಜಲಸಸ್ಯಗಳನ್ನು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ತಂದು ಮುಳುಗಿಸಿದರೆ ಆ ಎಲೆಗಳು ಹಳದಿಯಾಗಿ ಕರಗುತ್ತವೆ. ಗಿಡ ಸತ್ತಿತೆಂದು ಕಿತ್ತೆಸೆಯುವವರೇ ಬಹಳ. ಬೇರು ಗಟ್ಟಿಯಾಗಿದ್ದರೆ ಎರಡು ಮೂರು ವಾರದಲ್ಲಿ ನೀರಿಗೆ ಒಗ್ಗುವ, ಬೇರೆಯದೇ ರೂಪದ ಎಲೆಗಳು ಬರುತ್ತವೆ. ಕರಗಿದ ಎಲೆಗಳನ್ನು ಚಿವುಟಿ ತೆಗೆದು ಕಾಯಬೇಕು, ಅಷ್ಟೆ. ಜಾವಾ ಜರೀಗಿಡ, ಅನೂಬಿಯಸ್‌ಗಳ ಗಡ್ಡೆಯನ್ನು ಮಾತ್ರ ಮರಳಿನಲ್ಲಿ ಹೂಳಬಾರದು, ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು. ಅಂತರಗಂಗೆಯನ್ನು ತೇಲಿಬಿಟ್ಟರೆ ಕಲ್ಮಶ ಚೆನ್ನಾಗಿ ಹೀರುತ್ತದೆ, ಆದರೆ ಮೇಲೆಲ್ಲ ಹಬ್ಬಿ ಕೆಳಗಿನ ಗಿಡಗಳ ಬೆಳಕನ್ನೂ ನುಂಗುತ್ತದೆ.

ಇಂಗೆನ್‌ಹೌಸನ ಎರಡನೆಯ ಮಾತು ಇಲ್ಲಿ ಬರುತ್ತದೆ. ಒತ್ತಾಗಿ ಗಿಡ ಬೆಳೆದ ತೊಟ್ಟಿಯಲ್ಲಿ ಬೆಳಗಿನ ಜಾವ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ರಾತ್ರಿಯೆಲ್ಲ ಗಿಡವೂ ಆಮ್ಲಜನಕ ಖರ್ಚು ಮಾಡಿದೆ ಎಂದರ್ಥ. ಮೋಟಾರು ಬೇಕಾದದ್ದು ಆಗ, ಹಗಲಿನಲ್ಲಲ್ಲ.

ಜಪಾನಿನ ನಿಗಾಟದ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಈ ವಿದ್ಯೆಯನ್ನು ಕಲೆಯ ಮಟ್ಟಕ್ಕೇರಿಸಿದರು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಹಾಯಿಸಿ, ಕಲ್ಲು ಕಟ್ಟಿಗೆಗಳ ನಡುವೆ ಪುಟ್ಟ ಕಾಡುಗಳನ್ನೇ ಎಬ್ಬಿಸಿದರು. ಲಿಸ್ಬನ್ನಿನ ಅಕ್ವೇರಿಯಂನಲ್ಲಿ 2015ರಲ್ಲಿ ಅವರು ನಿರ್ಮಿಸಿದ ನೀರೊಳಗಿನ ಕಾಡು 40 ಮೀಟರ್ ಉದ್ದದ್ದು. ಅವರ ತೊಟ್ಟಿಗಳಲ್ಲಿ ಪಾಚಿ ತಿನ್ನಲು ಬಿಡುತ್ತಿದ್ದುದು ಒಂದು ಬಗೆಯ ಪುಟ್ಟ ಸೀಗಡಿ; ಅದಕ್ಕೆ ಈಗ ಅವರದೇ ಹೆಸರು. ನೂರೈವತ್ತು ವರ್ಷ ಕಳೆದರೂ ವಾರಿಂಗ್‌ಟನ್‌ನ ಬಸವನಹುಳುವಿನ ಕೆಲಸ ತಪ್ಪಲಿಲ್ಲ.

ಇಂಥ ತೊಟ್ಟಿಗಳಲ್ಲಿ ಬೆಲೆಬಾಳುವ ಗಿಡಗಳಲ್ಲಿ ಕೆಲವು ನಮ್ಮವೇ. ಕೆಂಪೆಲೆಯ ರೊಟಾಲ ಮ್ಯಾಕ್ರಾಂಡ್ರ ದಕ್ಷಿಣ ಭಾರತದ್ದು. ಲಗೆನಾಂಡ್ರ ಮೀಬೋಲ್ಡಿ ಮತ್ತು ಕೆಲವು ಕ್ರಿಪ್ಟೊಕೊರಿನೆಗಳು ಪಶ್ಚಿಮಘಟ್ಟದ ಹಳ್ಳ ತೊರೆಗಳವು. ಬಾಕೋಪ ಎಂದು ಪೊಟ್ಟಣ ಕಟ್ಟಿ ಮಾರುವುದು ಗದ್ದೆಯ ಬದುವಿನ ನೀರುಬ್ರಾಹ್ಮಿಯನ್ನು (ತಂಬುಳಿಗೆ ಹಾಕುವ ಒಂದೆಲಗ ಬೇರೆ). ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಂಡರೆ ತೊಂದರೆಯಿಲ್ಲ. ಹಳ್ಳದಿಂದಲೇ ಬುಟ್ಟಿಗಟ್ಟಲೆ ಕಿತ್ತು ತಂದು ಮಾರತೊಡಗಿದರೆ ಏನಾಗುತ್ತದೆಂಬುದಕ್ಕೆ ಗಾಸ್‌ನ ಕಾಲದ ಇಂಗ್ಲೆಂಡ್ ಸಾಕ್ಷಿ. ಅವನ ಪುಸ್ತಕಗಳನ್ನು ಓದಿದ ಜನ ಕಡಲತೀರದ ಬಂಡೆಕೊಳಗಳನ್ನು ಬರಿದು ಮಾಡಿದ್ದನ್ನು ಅವನ ಮಗ ಎಡ್ಮಂಡ್ 1907ರಲ್ಲಿ ನೊಂದು ಬರೆದಿದ್ದಾನೆ.

ಇದರ ಮಗ್ಗುಲಲ್ಲೇ ಇನ್ನೊಂದು ಕಥೆಯಿದೆ, ನಮ್ಮ ಶಾಲೆಯ ಹೈಡ್ರಿಲ್ಲದ್ದು. 1950ರ ದಶಕದ ಆರಂಭದಲ್ಲಿ ಅದು ಶ್ರೀಲಂಕಾದಿಂದ ಅಕ್ವೇರಿಯಂ ಗಿಡವಾಗಿ ಅಮೆರಿಕದ ಫ್ಲಾರಿಡಕ್ಕೆ ಹೋಯಿತು. ಅಲ್ಲಿಯ ಕಾಲುವೆಗೆ ಸೇರಿದ್ದು ಕೆರೆ ನದಿಗಳನ್ನೆಲ್ಲ ಹೊಕ್ಕು, ದೋಣಿಗಳ ದಾರಿ ಕಟ್ಟಿತು. ಅದನ್ನು ಹತೋಟಿಯಲ್ಲಿಡಲು ಆ ರಾಜ್ಯ ಇಂದಿಗೂ ಹಣ ಸುರಿಯುತ್ತಿದೆ. ನಮ್ಮ ಕಡೆಗೂ ಎದುರು ದಿಕ್ಕಿನಿಂದ ಅತಿಥಿಗಳು ಬಂದಿದ್ದಾರೆ. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ 2020ರ ನವೆಂಬರಿನಲ್ಲಿ ತೋಡೊಂದು ಉದ್ದಕ್ಕೂ ಗುಲಾಬಿ ಹೂ ತಳೆದು ನಿಂತಾಗ ಜನ ಜಾತ್ರೆಯಂತೆ ನೆರೆದು ಫೋಟೊ ತೆಗೆದರು. ಆ ಹೂವು ದಕ್ಷಿಣ ಅಮೆರಿಕದ ಕಬೊಂಬ, ಮೀನುತೊಟ್ಟಿಯ ಗಿಡ. ಅದರ ತುಂಡೊಂದು ಸಾಕು, ಬೇರು ಬಿಟ್ಟು ಹೊಸ ಗಿಡವಾಗುತ್ತದೆ.

ಚೆನ್ನಾಗಿ ಬೆಳೆದ ತೊಟ್ಟಿಯಲ್ಲಿ ಎರಡು ವಾರಕ್ಕೊಮ್ಮೆ ಕತ್ತರಿ ಆಡಿಸಲೇಬೇಕು. ಕತ್ತರಿಸಿದ ಕಡ್ಡಿಗಳನ್ನು ಚರಂಡಿಗಾಗಲಿ ಕೆರೆಗಾಗಲಿ ಹಾಕದೆ ತಾರಸಿಯ ಮೇಲೆ ಎರಡು ದಿನ ಒಣಗಿಸಿ ಹೂಕುಂಡಕ್ಕೆ ಹಾಕಬಹುದು. ಮೀನಿನ ಕಲ್ಮಶವನ್ನೆಲ್ಲ ಉಂಡ ಗಿಡ ಅದು, ಗುಲಾಬಿಗೆ ಒಳ್ಳೆಯ ಗೊಬ್ಬರ.